ಕೋಳಿಗೂಡಿಗೆ ಹೂವಿನ ಪರದೆ

ಮಾರ್ನಿ: ಕೋಳಿಗೂಡಿಗೆ ಕಿಟಕಿ ಪರದೆ ಯಾಕೆ, ಡೆಲ್ಮಾರ್ ಅವ್ರೇ?

ಡೆಲ್ಮಾರ್: ಮೊಟ್ಟೆ ಇಡೋವಾಗ ಯಾರಾದ್ರೂ ನೋಡಿದ್ರೆ ಅವಕ್ಕೆ ನಾಚಿಕೆ.

ಮಾರ್ನಿ: ಹೂವಿನ ಪರದೆ. ಅಂಚಿಗೆ ಕಸೂತಿ ಬೇರೆ.

ಡೆಲ್ಮಾರ್: ಒಳ್ಳೆ ಜಾತಿ ಕೋಳಿ ಅಮ್ಮಾ. ಬರೀ ಗೋಣಿಚೀಲ ಕಟ್ಟಿದ್ರೆ ಒಪ್ಪಲ್ಲ.

ಇಬ್ಬರೂ ಕಣಕಾಲು ಮುಳುಗುವ ಕೆಸರಿನಲ್ಲಿ ನಿಂತಿದ್ದರು. ಹಿಮ ಕರಗುವ ಮಾರ್ಚ್ ತಿಂಗಳಲ್ಲಿ ನಮ್ಮ ವೆಸ್ಟ್ ಹಾರ್ಲೋದಲ್ಲಿ ಬೇರೆ ಎಲ್ಲೂ ನಿಲ್ಲಲು ಬರುವುದಿಲ್ಲ. ಎದುರಿಗೆ ಆ ಕೋಳಿಗೂಡು: ಚಕ್ರವಿಲ್ಲದ ಹಳೆಯ ಹಳದಿ ಶಾಲಾ ಬಸ್ಸು. ಡೆಲ್ಮಾರ್ ತಿಬೋ ಹುಲ್ಲು ಬೆಳೆದು ಹಸು ಸಾಕುವ ಆಸಾಮಿ. ಮಾರ್ನಿ ವೀಟನ್ ಊರಿನ ಭೂಮಿ ಟ್ರಸ್ಟಿಗೆ ಹೊಸದಾಗಿ ಸೇರಿದ ಹೆಣ್ಣುಮಗಳು, ಕೈಯಲ್ಲಿ ಪಟ್ಟಿ ಬರೆಯುವ ಹಲಗೆ, ಕೊರಳಲ್ಲಿ ಕ್ಯಾಮೆರಾ.

ಟ್ರಸ್ಟಿನದು ಎರಡು ಕೆಲಸ. ಹೊಲ, ಕಾಡು ಯಾರ ಪಾಲೂ ಆಗದಂತೆ ಕಾಯುವುದು ಒಂದು. ಅದೇ ಹೊಲದ ಮೂಲೆಯಲ್ಲಿ ನಾಲ್ಕು ಮನೆ ಕಟ್ಟಿ, ಊರಿನಲ್ಲಿ ದುಡಿದೂ ಊರಿನಲ್ಲಿ ಮನೆ ಸಿಗದವರಿಗೆ ಕೊಡುವುದು ಇನ್ನೊಂದು. ಡೆಲ್ಮಾರ್ ತನ್ನ ಜಮೀನನ್ನು ಈ ಏರ್ಪಾಟಿಗೆ ಒಪ್ಪಿಸಿದ್ದ. ಕೊನೆಯ ರುಜುವಿಗೆ ಮುಂಚೆ ಟ್ರಸ್ಟಿನವರು ಬಂದು ಜಮೀನಿನಲ್ಲಿ ಏನೇನಿದೆಯೋ ಅದನ್ನೆಲ್ಲ ಒಂದು ಕಲ್ಲನ್ನೂ ಬಿಡದೆ ಪಟ್ಟಿ ಮಾಡಿಕೊಳ್ಳುತ್ತಾರೆ.

ಒಪ್ಪಂದ ಮೂವತ್ತೊಂದು ಪುಟ. ಡೆಲ್ಮಾರ್ ಎರಡು ಓದಿದ್ದ. ಎರಡನೆಯದರಲ್ಲಿ, ಹುಲ್ಲುಗಾವಲಿನಲ್ಲಿ ದನಕರು, ಕೋಳಿಯ ಕಟ್ಟಡ ಇರಬಹುದು, ಮನುಷ್ಯರ ವಾಸ ಕೂಡದು ಎಂದಿತ್ತು. ಅವನು ಓದುವುದನ್ನು ಅಲ್ಲಿಗೇ ನಿಲ್ಲಿಸಿದ. ಯಾಕೆಂದರೆ ಆ ಬಸ್ಸಿನಲ್ಲಿ ಆರು ವರ್ಷದಿಂದ ಅವನ ತಂಗಿ ಥೀಡಾ ಇದ್ದಾಳೆ. ಅವಳು ಶಾಲೆಯ ಅಡುಗೆಯವಳು. ಬಾಡಿಗೆಗಿದ್ದ ಮನೆಯನ್ನು ಬಾಸ್ಟನ್ನಿನವರು ಶನಿವಾರ ಭಾನುವಾರ ಬಂದುಹೋಗಲು ಕೊಂಡುಬಿಟ್ಟರು. ಅಣ್ಣನ ಮನೆಗೆ ಬರಲು ಅವಳಿಗೆ ಬಿಗುಮಾನ, ಬಸ್ಸಿಗೆ ಬಂದಳು. ಅಂದು ಬೆಳಿಗ್ಗೆ ಅವಳು ಕೆಲಸಕ್ಕೆ ಹೋದದ್ದೇ ತಡ, ಡೆಲ್ಮಾರ್ ತನ್ನ ಹನ್ನೊಂದು ಕೋಳಿಗಳನ್ನೂ ಬಸ್ಸಿಗೆ ಹತ್ತಿಸಿ ಬಾಗಿಲು ಮುಚ್ಚಿದ್ದ. ಮುಂದಿನದನ್ನು ನನಗೆ ಮೂವರೂ ಬೇರೆ ಬೇರೆಯಾಗಿ ಹೇಳಿದ್ದಾರೆ. ಕೋಳಿಗಳ ಸಂಖ್ಯೆಯೊಂದು ಮೂರರಲ್ಲೂ ತಾಳೆಯಾಗುತ್ತದೆ.

ಮಾರ್ನಿ: ಮೇಲೆ ಹೊಗೆ ಕೊಳವೆ ಇದೆ.

ಡೆಲ್ಮಾರ್: ಚಳಿಗೆ ಒಲೆ.

ಮಾರ್ನಿ: ಒಲೆ ಹಚ್ಚೋರು ಯಾರು?

ಡೆಲ್ಮಾರ್: ನಾನೇ. ಬೆಳಿಗ್ಗೆ ಎದ್ದು ಮೊದಲು ಅವಕ್ಕೆ ಹಚ್ತೀನಿ, ಆಮೇಲೆ ನಮ್ಮನೇಲಿ.

ಮಾರ್ನಿ: ಪರದೆ ಸಂದೀಲಿ ಕಾಣ್ತಿದೆ, ಒಲೆ ಮೇಲೆ ಕೆಟಲ್ ಇದೆ.

ಡೆಲ್ಮಾರ್: ತಣ್ಣೀರು ಕುಡಿದ್ರೆ ಗಂಟಲು ಕಟ್ಟುತ್ತೆ. ಕೂಗೋಕೆ ಆಗಲ್ಲ.

ಮಾರ್ನಿ: ಕೂಗೋದು ಹುಂಜ ಅಲ್ವಾ?

ಡೆಲ್ಮಾರ್: ಹುಂಜ ಇಲ್ಲ, ಅದಕ್ಕೇ ಇವೇ ಆ ಕೆಲಸಾನೂ ಮಾಡ್ಬೇಕು.

ಮಾರ್ನಿ ಕಿಟಕಿಯ ಗಾಜಿಗೆ ಹಣೆ ಒತ್ತಿ ಒಳಗೆ ನೋಡಿದಳು. ಹಾಸಿಗೆಯ ಮೇಲೆ ನಾಲ್ಕು ಕೋಳಿ. ಒಂದು ದಿಂಬಿನ ಮೇಲೆ, ಇನ್ನೊಂದು ಕನ್ನಡಕದ ಪಕ್ಕದಲ್ಲಿ.

ಮಾರ್ನಿ: ರೇಡಿಯೋ ಇದೆ.

ಡೆಲ್ಮಾರ್: ಹವಾಮಾನ ಕೇಳ್ತವೆ.

ಮಾರ್ನಿ: ಕನ್ನಡಕ?

ಡೆಲ್ಮಾರ್: ನಂದು. ಮೊಟ್ಟೆ ಹುಡುಕೋವಾಗ ಬಿದ್ದಿರ್ಬೇಕು.

ಮಾರ್ನಿ: ನಿಮ್ಮದು ನಿಮ್ಮ ಮೂಗಿನ ಮೇಲಿದೆ.

ಡೆಲ್ಮಾರ್: ಇದು ದೂರದ್ದು. ಅದು ಮೊಟ್ಟೇದು.

ಮಾರ್ನಿ: ಬಾಗಿಲ ಪಕ್ಕ ಈ ಅಂಚೆ ಡಬ್ಬಿ?

ಡೆಲ್ಮಾರ್: ಕಾಳು ಹಾಕಿಡೋಕೆ.

ಮಾರ್ನಿ: ಕಾಳಿನ ಜತೆ ಒಂದು ಕಾರ್ಡು ಹೊರಗೆ ಇಣುಕ್ತಾ ಇದೆ. 'ಥೀಡಾ ತಿಬೋ' ಅಂತ ಹೆಸರು.

ಡೆಲ್ಮಾರ್: ಹಾಂ. ಆ ಕಂದು ಕೋಳಿ.

ಮಾರ್ನಿ: ಹಲ್ಲಿನ ಡಾಕ್ಟರು ಬರೆದಿದಾರೆ. ಹಲ್ಲು ಶುಚಿ ಮಾಡಿಸಿ ಆರು ತಿಂಗಳಾಯ್ತು, ಬನ್ನಿ ಅಂತ.

ಡೆಲ್ಮಾರ್: ಏನು ಮಾಡೋದಮ್ಮಾ. ಈಗಿನ ಡಾಕ್ಟರುಗಳು ಹಲ್ಲು ಇದೆಯೋ ಇಲ್ವೋ ಅಂತ ನೋಡ್ತಾರಾ.

ಮಾರ್ನಿ ಅವನ ಮುಖವನ್ನೇ ಒಂದು ನಿಮಿಷ ನೋಡಿದಳು. ಡೆಲ್ಮಾರ್ ಆಕಾಶ ನೋಡಿದ. ಸುಳ್ಳು ಹೇಳಿ ಅಭ್ಯಾಸವಿಲ್ಲದವನು ಹೇಳುವ ಸುಳ್ಳಿಗೆ ತಲೆ ಬುಡ ಇರುವುದಿಲ್ಲ, ಆದರೆ ಅವನು ಅದನ್ನು ಬಿಟ್ಟುಕೊಡುವುದೂ ಇಲ್ಲ.

ಮಾರ್ನಿ: ಸರಿ, ಬರ್ಕೋತೀನಿ. ಹಳೆ ಬಸ್ಸು ಒಂದು. ಉಪಯೋಗ: ಕೋಳಿಗೂಡು. ವಾಸ: ಹನ್ನೊಂದು ಕೋಳಿ. ಮನುಷ್ಯರು: ಯಾರೂ ಇಲ್ಲ. ನಿಜ ಅಂತ ಇಲ್ಲಿ ರುಜು ಹಾಕಿ.

ಡೆಲ್ಮಾರ್ ಬಾಲ ಎಳೆದು ರುಜು ಹಾಕಿ, ಕೆಳಗೊಂದು ಗೆರೆ ಬೇರೆ ಎಳೆದ. ಆರು ವರ್ಷದ ಭಾರ ಇಳಿದಂತೆ ಉಸಿರು ಬಿಟ್ಟ.

ಮಾರ್ನಿ: ಛೆ, ಒಬ್ರಾದ್ರೂ ಇದ್ದಿದ್ರೆ ಚೆನ್ನಾಗಿತ್ತು.

ಡೆಲ್ಮಾರ್: ಯಾರು?

ಮಾರ್ನಿ: ಮನುಷ್ಯರು. ಏಳನೇ ಪುಟದಲ್ಲಿದೆಯಲ್ಲ. ಈಗಾಗಲೇ ಜಮೀನಲ್ಲಿ ವಾಸ ಇರೋರನ್ನ ನಾವು ಎಬ್ಬಿಸೋ ಹಾಗಿಲ್ಲ. ಮೊದಲನೇ ಮನೆ ಅವರಿಗೇ. ಯಾವ ಜಾಗ ಬೇಕು ಅಂತಾನೂ ಅವರೇ ಆರಿಸ್ಕೋಬೋದು. ಈಗ ನಾಲ್ಕು ಮನೆಗೂ ಚೀಟಿ ಎತ್ತಬೇಕು. ನಲವತ್ತೇಳು ಅರ್ಜಿ ಬಂದಿದೆ.

ಡೆಲ್ಮಾರ್ ಟೋಪಿ ತೆಗೆದ. ಮತ್ತೆ ಹಾಕಿದ. ಹಗ್ಗ ಕೊಟ್ಟು ಕೈ ಕಟ್ಟಿಸಿಕೊಂಡದ್ದು ಅವನಿಗೆ ಆಗ ಗೊತ್ತಾಯಿತು.

ಡೆಲ್ಮಾರ್: ಅಮ್ಮಾ, ಆ ಹನ್ನೊಂದರಲ್ಲಿ ಒಂದು ಕೋಳಿ ಅಲ್ಲ.

ಮಾರ್ನಿ: ಬಾತುಕೋಳಿನಾ?

ಡೆಲ್ಮಾರ್: ನನ್ನ ತಂಗಿ.

ಮಾರ್ನಿ: ನಾನು ಎಣಿಸಿದೀನಿ ಡೆಲ್ಮಾರ್ ಅವ್ರೇ. ಹನ್ನೊಂದಕ್ಕೂ ರೆಕ್ಕೆ ಇತ್ತು.

ಡೆಲ್ಮಾರ್: ಹಂಗಲ್ಲ. ಹನ್ನೊಂದು ಕೋಳಿನೂ ಇದೆ, ತಂಗಿನೂ ಇದಾಳೆ. ಈಗ ಇಲ್ಲ. ಯಾವಾಗ್ಲೂ ಇರ್ತಾಳೆ.

ಮಾರ್ನಿ: ಈಗ ಇಲ್ಲದೋರು ಯಾವಾಗ್ಲೂ ಹೇಗಿರ್ತಾರೆ?

ಡೆಲ್ಮಾರ್: ಅಡುಗೆಗೆ ಹೋಗಿದಾಳೆ. ಆ ಪರದೆ ಅವಳೇ ಹೊಲಿದಿದ್ದು. ಕೋಳಿಗೆ ಎಲ್ಲಾದ್ರೂ ಕಸೂತಿ ಹಾಕ್ತಾರಾ? ನೀವೇ ಹೇಳಿ.

ಮಾರ್ನಿ: ಒಳ್ಳೆ ಜಾತಿ ಕೋಳಿ ಅಂದ್ರಿ.

ಡೆಲ್ಮಾರ್: ಎಲ್ಲಾ ಸುಳ್ಳು. ನಾಟಿ ಕೋಳಿ. ಒಲೆ ಹಚ್ಚೋದೂ ಅವಳೇ. ಕೋಳಿಗಳು ಇವತ್ತೇ ಮೊದಲನೇ ಸಲ ಬಸ್ಸು ನೋಡಿದ್ದು.

ಮಾರ್ನಿ: ಮೊದಲನೇ ಮನೆ ಅಂದ ತಕ್ಷಣ ಕೋಳಿ ತಂಗಿ ಆಯ್ತು. ಹೋದ ವಾರ ಇನ್ನೊಂದು ಊರಲ್ಲಿ ಒಬ್ರು, ಶೆಡ್ಡಲ್ಲಿ ನಮ್ಮ ಸೋದರಮಾವ ಇದಾರೆ, ಮಾತು ಕಮ್ಮಿ ಅಂದ್ರು. ಹೋಗಿ ಕೈ ಕುಲುಕಿದ್ರೆ ಬೆದರುಬೊಂಬೆ. ಎತ್ತು ಈಯ್ತು ಅಂದ್ರೆ ಕೊಟ್ಟಿಗೇಲಿ ಕಟ್ಟು ಅನ್ನೋಳಲ್ಲ ನಾನು.

ಡೆಲ್ಮಾರ್: ಒಂದು ಗಂಟೆ ತಡೀರಿ. ಶಾಲೆ ಊಟ ಮುಗಿಸ್ಕೊಂಡು ಬಂದೇ ಬರ್ತಾಳೆ. ನೀವೇ ಕೇಳಿ.

ಗಂಟೆ ಕಾಯಬೇಕಾಗಲಿಲ್ಲ. ಥೀಡಾ ಏಪ್ರನ್ನಿನಲ್ಲೇ ಕೆಸರು ತುಳಿಯುತ್ತ ಬಂದಳು. ಕೈಯಲ್ಲಿ ಮಕ್ಕಳು ಬಿಟ್ಟ ಮ್ಯಾಕರೋನಿಯ ತಟ್ಟೆ. ಇಬ್ಬರ ಮುಖವನ್ನೂ ನೋಡದೆ ನೇರ ಬಸ್ಸು ಹತ್ತಿದಳು. ಒಳಗೆ ಕೋಳಿಗಳೆಲ್ಲ ಒಟ್ಟಿಗೆ ಎದ್ದು ಹಾರಿದ ಸದ್ದಾಯಿತು. ಕಂಕುಳಲ್ಲಿ ಕೋಳಿ, ಕೈಯಲ್ಲಿ ಬಿಸಿ ಮೊಟ್ಟೆ ಹಿಡಿದು ಬೈಯಲೆಂದೇ ಇಳಿದವಳು ಮಾರ್ನಿಯ ಕೈಯ ಹಲಗೆಯನ್ನು ನೋಡಿ ಬಾಯಿ ಮುಚ್ಚಿದಳು.

ಡೆಲ್ಮಾರ್: ಬಂದೆಯಾ. ಥೀಡಾ, ನೀನು ಎಲ್ಲಿರ್ತೀಯ ಅಂತ ಇವ್ರಿಗೆ ಹೇಳು.

ಥೀಡಾ: ನಾನಾ? ಕೋಳಿಗೆ ಕಾಳು ಹಾಕೋಕೆ ಬಂದೆ.

ಡೆಲ್ಮಾರ್: ಅಯ್ಯೋ, ನಿಜ ಹೇಳೇ.

ಥೀಡಾ: ನಿಜಾನೇ. ಕೋಳಿಗಳೆಲ್ಲ ಆರೋಗ್ಯವಾಗಿವೆ ಮೇಡಂ. ಇದು ಇವತ್ತಿಂದು, ನೋಡಿ, ಇನ್ನೂ ಬಿಸಿ ಇದೆ.

ಡೆಲ್ಮಾರ್: ಆ ಹಾಸಿಗೆ ಯಾರದು?

ಥೀಡಾ: ಕೋಳೀದು.

ಡೆಲ್ಮಾರ್: ಹಲ್ಲಿನ ಡಾಕ್ಟರು ಕಾರ್ಡು ಬರೆದಿರೋದು ಯಾರಿಗೆ?

ಥೀಡಾ ಕಾರ್ಡು ನೋಡಿದಳು, ಅಣ್ಣನನ್ನು ನೋಡಿದಳು, ಕಂಕುಳಲ್ಲಿದ್ದ ಕೋಳಿಯನ್ನು ನೋಡಿದಳು.

ಥೀಡಾ: ಇದಕ್ಕಿರ್ಬೇಕು.

ಡೆಲ್ಮಾರ್: ನನ್ನ ಮಾನ ತೆಗೀಬೇಡ್ವೇ.

ಥೀಡಾ: ಬಸ್ಸಲ್ಲಿ ವಾಸಕ್ಕೆ ಪರವಾನಗಿ ಇಲ್ಲ, ಕಾಗದ ಹಿಡ್ಕೊಂಡು ಯಾರು ಬಂದ್ರೂ ಹಿಂಗೇ ಹೇಳು ಅಂತ ಆರು ವರ್ಷದಿಂದ ಕಲಿಸಿದ್ದು ಯಾರು? ಮೊನ್ನೆ ಮತದಾರರ ಪಟ್ಟಿಯೋರು ಬಂದಾಗ್ಲೂ ಕೋಳಿ ಅಂತಲೇ ಹೇಳಿದೀನಿ.

ಮಾರ್ನಿ ಹಲಗೆಯನ್ನು ಕಂಕುಳಲ್ಲಿಟ್ಟು ಮೊದಲ ಬಾರಿಗೆ ನಕ್ಕಳು. ಡೆಲ್ಮಾರ್ ಕೈ ಜೋಡಿಸುವುದೊಂದು ಬಾಕಿ. ಏಳನೇ ಪುಟದಲ್ಲಿರುವುದನ್ನು ಅವನು ತಂಗಿಗೆ ಒಂದೇ ಉಸಿರಿನಲ್ಲಿ ಹೇಳಿದ. ಕೇಳುತ್ತ ಕೇಳುತ್ತ ಥೀಡಾಳ ಗದ್ದ ಮೇಲಕ್ಕೆ ಹೋಯಿತು. ಆ ಗದ್ದ ಮೇಲಕ್ಕೆ ಹೋದರೆ ಊಟದ ಸಾಲಿನಲ್ಲಿರುವ ಇನ್ನೂರು ಮಕ್ಕಳು ಗಪ್ಪನೆ ಸುಮ್ಮನಾಗುತ್ತಾರೆ.

ಥೀಡಾ: ನಂಗೆ ಯಾರ ದಾನದ ಮನೇನೂ ಬೇಡ.

ಮಾರ್ನಿ: ದಾನ ಅಲ್ಲ. ಮನೆ ನೀವೇ ಕೊಂಡ್ಕೋತೀರಿ, ಬ್ಯಾಂಕ್ ಸಾಲ ನೀವೇ ತೀರಿಸ್ತೀರಿ. ಕೆಳಗಿನ ನೆಲ ಮಾತ್ರ ಟ್ರಸ್ಟಿಂದು.

ಥೀಡಾ: ಅಂದ್ರೆ ಟೋಪಿ ನಂದು, ತಲೆ ನಿಮ್ದು.

ಮಾರ್ನಿ: ನೆಲದ ಬೆಲೆ ನಿಮ್ಮ ತಲೆ ಮೇಲೆ ಬರಲ್ಲ. ಅದಕ್ಕೇ ಶಾಲೆ ಅಡುಗೆಯವ್ರ ಸಂಬಳಕ್ಕೂ ಎಟುಕುತ್ತೆ. ನೀವು ಮಾರೋವಾಗ, ಮುಂದೆ ಬರೋ ಅಡುಗೆಯವ್ರಿಗೂ ಎಟುಕೋ ಬೆಲೆಗೇ ಮಾರ್ಬೇಕು, ಅಷ್ಟೇ.

ಥೀಡಾ: ಮುಂದೆ ಬರೋಳಿಗೆ ಅಡುಗೆ ಬರುತ್ತೆ ಅಂತ ಏನು ಗ್ಯಾರಂಟಿ?

ಮಾರ್ನಿ: ಅದು ನಮ್ಮ ಒಪ್ಪಂದದಲ್ಲಿಲ್ಲ.

ಥೀಡಾ: ಸೇರಿಸಿ. ಮತ್ತೆ ಆ ನೆಲ ನಿಮ್ಮ ಟ್ರಸ್ಟಿಗೆ ಎಲ್ಲಿಂದ ಬಂತು? ಮಳೆ ಜತೆ ಉದುರ್ತಾ?

ಮಾರ್ನಿ: ನಿಮ್ಮಣ್ಣ ಕೊಟ್ರು.

ಥೀಡಾ: ಯಾವ ಮೂಲೆ?

ಡೆಲ್ಮಾರ್: ಯಾವುದೋ ಒಂದು ಮೂಲೆ. ಬಿಡು ಈಗ ಅದನ್ನ.

ಮಾರ್ನಿ: ಬುಗ್ಗೆ ಪಕ್ಕದ್ದು.

ಥೀಡಾ ಕೋಳಿಯನ್ನು ಕೆಳಗೆ ಬಿಟ್ಟಳು. ಬುಗ್ಗೆ ಪಕ್ಕದ ಮೂಲೆ ಎಂದರೆ ಡೆಲ್ಮಾರನ ಪ್ರಾಣ. ಅಲ್ಲಿ ಹುಲ್ಲು ಸೊಂಟದುದ್ದ ಬರುತ್ತದೆ. ಅದರೊಳಗೆ ಕಾಲಿಟ್ಟದ್ದಕ್ಕೆ ಅವನು ನಮ್ಮೂರ ಪಾದ್ರಿಗಳನ್ನೂ ಬೈದಿದ್ದಾನೆ.

ಥೀಡಾ: ಅಲ್ಲಿ ಹುಲ್ಲು ಚಿನ್ನದಂಗೆ ಬೆಳೆಯುತ್ತೆ.

ಡೆಲ್ಮಾರ್: ಕಳೆ ಬಿದ್ದಿತ್ತು.

ಥೀಡಾ: ಹೋದ ವರ್ಷ ಅದಕ್ಕೇ ಬಹುಮಾನ ತಗೊಂಡೆ ನೀನು.

ಡೆಲ್ಮಾರ್: ಬಹುಮಾನ ಕೊಟ್ಟೋರಿಗೆ ಕಣ್ಣು ಕಾಣ್ತಿರ್ಲಿಲ್ಲ.

ಮಾರ್ನಿ: ನಾವು ಕಲ್ಲು ಮೂಲೇನೇ ಸಾಕು ಅಂದಿದ್ವಂತೆ. ಇವ್ರೇ ಹಟ ಹಿಡಿದ್ರಂತೆ. ಮನೆ ಅಂದ್ಮೇಲೆ ಅಡುಗೆಮನೆಗೆ ಬೆಳಗಿನ ಬಿಸಿಲು ಬೀಳ್ಬೇಕು ಅಂತ.

ಥೀಡಾ: ನಿಂಗೆ ಅಡುಗೆಮನೆ ಬಿಸಿಲಿನ ಯೋಚನೆ ಯಾವಾಗಿಂದ?

ಡೆಲ್ಮಾರ್: ಯಾರೋ ನಾಲ್ಕು ಜನ ಬರ್ತಾರೆ, ಅಡುಗೆ ಮಾಡ್ತಾರೆ. ಚೀಟೀಲಿ ನಿನ್ನ ಹೆಸರೂ ಬಂದ್ರೆ ಬರ್ಲಿ ಅಂದ್ಕೊಂಡೆ. ಅರ್ಜಿ ಹಾಕು ಅಂದ್ರೆ ನೀನು ಹಾಕೋಳಲ್ಲ, ಅದಕ್ಕೆ ನಾನೇ ಹಾಕಿದೆ. ನಲವತ್ತೇಳರಲ್ಲಿ ಒಂದು ನಿಂದು. ಈಗ ಬೈಯಿ.

ಥೀಡಾ ಬೈಯಲಿಲ್ಲ. ಮೊಟ್ಟೆಯನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿದಳು. ಅಣ್ಣನ ಮೇಲೆ ಅವಳಿಗೆ ಅಷ್ಟು ಪ್ರೀತಿ ಉಕ್ಕಿದ್ದು ಅಪ್ಪ ಸತ್ತಮೇಲೆ ಅದೇ ಮೊದಲಂತೆ. ಅದನ್ನು ನನಗೆ ಹೇಳಿದಳು, ಅವನಿಗೆ ಇವತ್ತಿಗೂ ಹೇಳಿಲ್ಲ.

ಥೀಡಾ: ಮೇಡಂ, ನಾನು ಇಲ್ಲಿರ್ತೀನಿ ಅಂತ ನಿಮಗೆ ಏನು ತೋರಿಸ್ಬೇಕು?

ಮಾರ್ನಿ: ನಂಬೋಕಾಗೋ ಏನಾದ್ರೂ.

ಥೀಡಾ: ಮೂರನೇ ಕಿಟಕಿ ಮಳೇಲಿ ಸೋರುತ್ತೆ. ಚಕ್ರದ ಮೇಲಿನ ಉಬ್ಬಿಗೆ ದಿನಾ ಬೆಳಿಗ್ಗೆ ಎಡ ಮಂಡಿ ಬಡಿಯುತ್ತೆ. ಜನವರೀಲಿ ಹಲ್ಲುಜ್ಜೋ ಬ್ರಷ್ಷು ಲೋಟಕ್ಕೆ ಹೆಪ್ಪುಗಟ್ಟಿ ಅಂಟ್ಕೊಳ್ಳುತ್ತೆ. ಹಿಂದಿನ ಸೀಟಲ್ಲಿ ಯಾರೋ ಹುಡುಗರು ಕೊರೆದಿರೋ ಕೆಟ್ಟ ಮಾತನ್ನ ದಿನಾ ಊಟಕ್ಕೆ ಕೂತಾಗ ಓದ್ಬೇಕು. ಬಾಗಿಲಿಗೆ ಚಿಲಕ ಇಲ್ಲ, ಈ ಮಹಾನುಭಾವ ಬಡಿಯದೇ ಒಳಗೆ ಬಂದು ಉಪ್ಪು ಇದೆಯಾ ಅಂತಾನೆ. ಇನ್ನೂ ಹೇಳ್ಲಾ?

ಮಾರ್ನಿ: ಸಾಕು. ಇಷ್ಟು ದೂರು ಇರೋದು ವಾಸ ಇರೋರಿಗೆ ಮಾತ್ರ.

ಅವಳು ಹಲಗೆಯನ್ನು ಬಸ್ಸಿನ ಮೂತಿಯ ಮೇಲಿಟ್ಟು 'ಯಾರೂ ಇಲ್ಲ' ಎಂಬುದನ್ನು ಹೊಡೆದುಹಾಕಿದಳು.

ಮಾರ್ನಿ: ತಿದ್ದಿದ್ದಕ್ಕೆ ಕಾರಣ ಬರೀಬೇಕು.

ಡೆಲ್ಮಾರ್: ಎಣಿಸೋವಾಗ ತಪ್ಪಾಯ್ತು ಅಂತ ಬರೀರಿ.

ಮಾರ್ನಿ: ಥೀಡಾ ಅವ್ರೇ, ಮನೆ ಬೇಕು ಅಂತ ನಿಮ್ಮ ಬಾಯಿಂದ ಬರ್ಬೇಕು.

ಥೀಡಾ: ಬೇಡ ಅಂತೇನಿಲ್ಲ.

ಮಾರ್ನಿ: ಆ ಖಾನೆ ಇಲ್ಲ. ಬೇಕು, ಬೇಡ, ಎರಡೇ ಇರೋದು.

ಥೀಡಾ: ಕೊಟ್ರೆ ನೋಡೋಣ ಅಂತ ಇಲ್ವಾ?

ಮಾರ್ನಿ: ಇಲ್ಲ.

ಥೀಡಾ ದೊಡ್ಡದಾಗಿ ಉಸಿರೆಳೆದುಕೊಂಡಳು. ಇನ್ನೂರು ಮಕ್ಕಳನ್ನು ದಿನವೂ ಬೇಕೇ ಬೇಕೇ ಎಂದು ಕೇಳುವವಳಿಗೆ ತಾನು ಬೇಕು ಎನ್ನುವುದು ಅಷ್ಟು ಕಷ್ಟವಾಯಿತು.

ಥೀಡಾ: ಬೇಕು.

ಮಾರ್ನಿ ಜಾಗದ ನಕ್ಷೆಯನ್ನು ಬಿಚ್ಚಿ ಹರಡಿದಳು. ನಾಲ್ಕು ಚೌಕ, ಒಂದರಿಂದ ನಾಲ್ಕು. ಡೆಲ್ಮಾರ್ ತಡಮಾಡದೆ ಒಂದನೆಯದರ ಮೇಲೆ ಬೆರಳಿಟ್ಟ. ಅದು ಅವನ ಕೊಟ್ಟಿಗೆಗೆ ಅಂಟಿಕೊಂಡಂತಿತ್ತು. ಥೀಡಾ ಅವನ ಬೆರಳನ್ನು ಎತ್ತಿ ಪಕ್ಕಕ್ಕಿಟ್ಟು ನಾಲ್ಕನೆಯದನ್ನು ತೋರಿಸಿದಳು.

ಡೆಲ್ಮಾರ್: ಅದು ಆ ತುದಿ. ನಮ್ಮನೆಯಿಂದ ಹತ್ತು ನಿಮಿಷ. ಕೆಸರಲ್ಲಿ ಹದಿನೈದು.

ಥೀಡಾ: ಗೊತ್ತು.

ಡೆಲ್ಮಾರ್: ಒಂದನೇದಾದ್ರೆ ಎರಡೇ ಹೆಜ್ಜೆ.

ಥೀಡಾ: ಅದೂ ಗೊತ್ತು.

ಡೆಲ್ಮಾರ್: ಮತ್ತೆ ಅಷ್ಟು ದೂರ ಯಾಕೆ?

ಥೀಡಾ: ನೀನು ಮನೆ ಬಿಟ್ಟಾಗಲೇ ನಂಗೆ ಅಡುಗೆಮನೆ ಕಿಟಕಿಯಿಂದ ಕಾಣಿಸ್ಬೇಕು. ಕಾಫಿಗೆ ಇಡೋದಾ, ಚಿಲಕ ಹಾಕೋದಾ ಅಂತ ತೀರ್ಮಾನ ಮಾಡೋಕೆ ಟೈಮ್ ಬೇಡ್ವಾ?