ಅರ್ಧ ಹಸಿರು, ಅರ್ಧ ಬಾವಿನೀರು

ಭಂಕೂರಿನ ಮಡಿವಾಳಯ್ಯನವರು ತಮ್ಮ ಮೇಲೆ ಬಂದ ಯಾವ ನಿಂದೆಯನ್ನಾದರೂ ಲಿಂಗಾರ್ಪಿತವೆಂದು ಸಹಿಸಬಲ್ಲವರು. ಆದರೆ ತಮ್ಮ ಅಜ್ಜನು ಪರ್ಸಿಯೆಂಬ ಸುಣ್ಣಗಲ್ಲಿನ ಹದಿನಾಲ್ಕು ಪದರಗಳನ್ನು ಒಡೆಸಿ ತೋಡಿಸಿದ ಬಾವಿಯ ನೀರನ್ನು ಒಬ್ಬ ಮಿಸ್ತ್ರಿಯು ನಿಂದಿಸಿದುದನ್ನು ಮಾತ್ರ ಸಹಿಸಲಾರದೆ ಹೋದರು.

ಆ ಮಿಸ್ತ್ರಿ ಶಹಾಬಾದಿನ ತಾಹಿರ್. ಅಂಗಳದಲ್ಲಿ ಅವನ ಮುಂದೆ ಬಾಯ್ದೆರೆದು ನಿಂತಿದ್ದುದು ಅಯ್ಯನವರ ಮೂವತ್ತೊಂದು ವರ್ಷದ ಬಿಳಿಯ ಕಾರು. ವಾಡಿಯ ಗೂಡ್ಸ್ ಕಚೇರಿಯಲ್ಲಿ ಗುಮಾಸ್ತರಾಗಿದ್ದಾಗ ಕೊಂಡ ಈ ದಿವ್ಯವಾಹನವು ಹೋದ ತಿಂಗಳು ಚಿತ್ತಾಪುರದ ಹಾದಿಯಲ್ಲಿ ತನಗೆ ತಾನೇ ಧೂಪಾರತಿ ಬೆಳಗಿಕೊಂಡು ನಿಂತುಬಿಟ್ಟಿತ್ತು. ಧರ್ಮಪತ್ನಿ ಉಮಾದೇವಿಯವರು ಅಲ್ಲಿಯೇ ತೀರ್ಪಿತ್ತಿದ್ದರು: ಸುಲೇಪೇಟದ ಮಗಳ ಮನೆಯಲ್ಲಿ ಮೊಮ್ಮಗಳ ತೊಟ್ಟಿಲ ಕಾರ್ಯಕ್ಕೆ ಹೋಗುವಾಗ ಇನ್ನೊಮ್ಮೆ ನಿಂತರೆ, ಕಾರು ಮರುದಿನವೇ ಗುಜರಿಗೆ.

"ಅಯ್ನೋರ, ರೇಡಿಯೇಟರ್ ಒಳಗ ನೋಡ್ರಿ, ಗ್ವಾಡಿಗಿ ಸುಣ್ಣ ಬಳದಂಗ ಆಗ್ಯಾದ," ಎಂದ ತಾಹಿರ್. "ಎಲ್ಲಾ ನಿಮ್ಮ ಬಾವಿ ಪ್ರಸಾದ. ತೊಳದು ಕೊಡ್ತೀನಿ. ಹಳೇ ಗಾಡಿ ಇಂಜಿನ್ ತಂಪಿಡ್ಲಿಕ್ಕ ಈ ಹಸಿರು ಕೂಲೆಂಟ್ ಛಲೋ, ಕೆಂಪು ಬ್ಯಾಡ. ಅರ್ಧ ಇದು, ಅರ್ಧ ಈ ಡಬ್ಬಿಯಾಗಿನ ಬ್ಯಾಟರಿ ನೀರು. ಬಾವಿ ನೀರು ಒಂದು ಹನಿನೂ ಹಾಕಬ್ಯಾಡ್ರಿ."

ತೊಳೆಯುವುದು ಮುಗಿದ ಮೇಲೆ, ಹಾಕುವ ಕೈಂಕರ್ಯ ತಮ್ಮದೆಂದು ಹೇಳಿ ಅಯ್ಯನವರು ಅವನನ್ನು ಬೀಳ್ಕೊಟ್ಟರು. ಬಳಿಕ ಹೆಂಡತಿಯತ್ತ ತಿರುಗಿ, "ಹಸಿರು ಒಪ್ಪಿದೆ, ಅರ್ಧಾನೂ ಒಪ್ಪಿದೆ. ಆದ್ರ ನೀರು ನಮ್ಮ ಬಾವೀದೇ. ಆ ಡಬ್ಬಿಯಾಗ ಏನದ? ಕುದಿಸಿ, ಆವಿ ಮಾಡಿ, ಜೀವಾ ತಗದ ನೀರು. ಏನೂ ಇಲ್ಲ ಅದರಾಗ," ಎಂದರು.

"ಏನೂ ಇರಬಾರ್ದಂತಲೇ ಹಾಕ್ತಾರ್ರಿ. ಶ್ರಾವಣ ಪೂರ್ತಿ ಶೂನ್ಯ, ಬಯಲು ಅಂತ ಪ್ರವಚನ ಹೇಳ್ತೀರಿ. ಅದೇ ಶೂನ್ಯ ಡಬ್ಬಿಯಾಗ ಬಂದ್ರ ಬ್ಯಾಡಂತೀರಿ."

"ತತ್ವ ಬ್ಯಾರೆ, ರೇಡಿಯೇಟರ್ ಬ್ಯಾರೆ."

"ಬಚ್ಚಲ ಹಂಡೇರ ನೋಡ್ರಿ. ಬೆರಳ ದಪ್ಪ ಸುಣ್ಣ ಕಟ್ಟ್ಯಾದ. ಹುಣಸಿಹಣ್ಣು ಹಚ್ಚಿ ತಿಕ್ಕಿ ತಿಕ್ಕಿ ನನ್ನ ರಟ್ಟಿ ಸೋತಾವ."

"ಅದೇ ನೀರು ಕುಡದು ನನ್ನ ಎಲುಬು ಅರವತ್ತೆಂಟಕ್ಕೂ ಗಟ್ಟಿ ಅದಾವ."

"ಎಲುಬಷ್ಟೇ ಅಲ್ರಿ, ತಲೀನೂ."

ತೊಟ್ಟಿಲ ದಿನದ ಬೆಳಗ್ಗೆ ಅಯ್ಯನವರು ಹಿತ್ತಾಳೆಯ ಬಿಂದಿಗೆಯಲ್ಲಿ ಬಾವಿಯ ನೀರು ಸೇದಿ, ಮಡಿವಸ್ತ್ರ ಮುಚ್ಚಿ, ಕಾರಿನ ಬಳಿ ಇಟ್ಟು ಶಿವಪೂಜೆಗೆ ಕುಳಿತರು. ಗಳಿಗೆಯ ಮೇಲೆ ಎದ್ದು ಬಂದು, ತಂಬಿಗೆ ಹಸಿರಿಗೆ ತಂಬಿಗೆ ನೀರಿನಂತೆ, ಕೂದಲೆಳೆಯ ಹೆಚ್ಚುಕಡಿಮೆಯಿಲ್ಲದೆ, ಪಂಚಾಕ್ಷರಿಯ ಸಮೇತ ಬೆರೆಸಿ ಹೊಯ್ದರು. (ಅಭಿಷೇಕಕ್ಕೂ ಇಷ್ಟು ಏಕಾಗ್ರತೆ ಒದಗಿರಲಿಲ್ಲವೆಂದು ಅನಂತರ ಅವರೇ ಪಶ್ಚಾತ್ತಾಪಪಟ್ಟರು.) ಬೀಗರ ಊರಿನಲ್ಲಿಯೂ ತಮ್ಮ ಬಾವಿಯ ಕೀರ್ತಿ ಹಬ್ಬಲೆಂದು ಮತ್ತೆ ಬಾವಿಯಿಂದ ಸೇದಿ ಒಂದು ಕ್ಯಾನು ನೀರನ್ನು ಡಿಕ್ಕಿಯಲ್ಲಿ ಇರಿಸಿಕೊಂಡರು.

ಕಾರು ಹೊರಟಿತು. ಮಳಖೇಡದ ಕಾಗಿಣಾ ಸೇತುವೆ ದಾಟಿತು, ಸಿಮೆಂಟಿನ ಲಾರಿಗಳ ಹಿಂದೆ ಅರ್ಧ ತಾಸು ತೆವಳಿತು, ಸೇಡಂ ಹಿಂದಾಯಿತು. ಉಷ್ಣದ ಮುಳ್ಳು ಮಾತ್ರ ಸಮಾಧಿಸ್ಥ ಯೋಗಿಯಂತೆ ನಡುವೆಯೇ ನೆಲೆನಿಂತಿತ್ತು. ಅಯ್ಯನವರು ರಸ್ತೆಗಿಂತ ಅದನ್ನೇ ಹೆಚ್ಚು ನೋಡಿದರು.

"ಗುಜರಿ ಮಾತು ಇನ್ನ ಎತ್ತಬ್ಯಾಡ," ಎಂದರು, ಸುಲೇಪೇಟದ ಬೀಗರ ಬಾಗಿಲಲ್ಲಿ ಇಳಿಯುತ್ತ.

"ಎತ್ತೂದಿಲ್ರಿ," ಎಂದು ಉಮಾದೇವಿಯವರು ಮೊಮ್ಮಗಳನ್ನು ಎತ್ತಿಕೊಳ್ಳಲು ಒಳನಡೆದರು.

ಬೀಗರಾದ ಭಾಗಣ್ಣನವರಿಗೆ ಒಂದು ಹಳೆಯ ಜೀಪು; ಅದು ಚಿಂಚೋಳಿಗೆ ಹೋಗುವಾಗಲೆಲ್ಲ ಕುದಿಯುತ್ತಿತ್ತು. ಅಯ್ಯನವರು ಬಂದ ನೆಂಟರೆದುರು ಬಾವಿಯ ಆಳ, ಕಲ್ಲಿನ ಪದರ, ಅಜ್ಜನ ಪುಣ್ಯ ಇವುಗಳನ್ನು ವಿವರಿಸಿ, ಕಾರಿನ ಬಾನೆಟ್ಟಿನ ಮೇಲೆ ಎಲ್ಲರ ಕೈಯಿರಿಸಿ ತಂಪನ್ನು ಸಾಕ್ಷಿಗೊಳಿಸಿದರು. ಬಿಸಿಲಿಗೆ ಕಾದ ತಗಡನ್ನು ಮುಟ್ಟಿದವರೂ ಸಂಕೋಚದಿಂದ ತಂಪೆಂದರು.

"ಹಂಗಾದ್ರ ನಮ್ಮ ಜೀಪಿಗೂ ಅದೇ ನೀರು ಹಾಕಿಬಿಡ್ರಿ, ಅಯ್ನೋರ," ಎಂದ ಭಾಗಣ್ಣನವರು ರೇಡಿಯೇಟರಿನ ಮುಚ್ಚಳ ತೆಗೆದೇಬಿಟ್ಟರು. ಅಯ್ಯನವರು ಕ್ಯಾನನ್ನು ಎರಡು ಕೈಗಳಲ್ಲಿ ಎತ್ತಿದರು.

"ಬೀಗರ, ಮುಚ್ಚಳ ಹಾಕ್ರಿ."

ಕೂಸನ್ನು ಹೆಗಲಿಗೆ ಹಾಕಿಕೊಂಡು ಉಮಾದೇವಿಯವರು ಕಟ್ಟೆಯ ಮೇಲೆ ನಿಂತಿದ್ದರು.

"ನಮ್ಮ ಕಾರಿನಾಗ ಬಾವಿ ನೀರು ಒಂದು ಹನಿನೂ ಇಲ್ಲ. ಇವ್ರು ಪೂಜಾಕ್ಕ ಕುಂತಾಗ ಬಿಂದಿಗಿ ಮಲ್ಲಿಗಿ ಗಿಡಕ್ಕ ಸುರುವಿ, ಡಬ್ಬಿ ನೀರು ತುಂಬಿ, ಮತ್ತ ಮಡಿಬಟ್ಟಿ ಮುಚ್ಚಿಟ್ಟೆ. ಖುಷಿ ಅದಾರ, ಇರ್ಲಿ ಅಂತ ಸುಮ್ಮನಿದ್ದೆ. ಆದ್ರ ನಿಮ್ಮ ಜೀಪ್ ಕೆಟ್ಟರ ಮಾತು ಕೇಳಾಕಿ ನನ್ನ ಮಗಳು."

ಕ್ಯಾನು ಮೆಲ್ಲನೆ ನೆಲಕ್ಕಿಳಿಯಿತು. ಹಸಿರಾಗಿಯೂ ಕೆಂಪಾಗಿಯೂ ಬಣ್ಣ ಬದಲಿಸಿದ ಅಯ್ಯನವರ ಮುಖವು ಕ್ಷಣಕಾಲದಲ್ಲಿ ಮತ್ತೆ ಹೆಮ್ಮೆಯಿಂದ ಅರಳಿತು. ಮಹಾಪುರುಷರಿಗೆ ಸೋಲಿನಲ್ಲಿಯೂ ಒಂದು ಗದ್ದುಗೆ ಸಿಕ್ಕೇ ಸಿಗುತ್ತದೆ.

"ನೋಡ್ರಿ ಬೀಗರ," ಎಂದರು ಎದೆ ಸೆಟೆಸಿ. "ನೀರು ಆರಿಸೂದ್ರಾಗ ನಾ ತಪ್ಪಿರಬಹುದು. ಆದ್ರ ನಲವತ್ತು ವರ್ಷದ ಹಿಂದ ಇಂಥಾಕಿನ್ನ ಆರಿಸೂದ್ರಾಗ ತಪ್ಪಿದ್ನೇನು?"

ಉಮಾದೇವಿಯವರು ಕೂಸಿನ ಬೆನ್ನು ತಟ್ಟುತ್ತ ಹೇಳಿದರು:

"ನನ್ನ ನೋಡ್ಲಿಕ್ಕ ಬಂದಾಗ ಇವ್ರು ತಲಿ ಎತ್ತಿದ್ದು ಎರಡನೇ ಸಲ ಉಪ್ಪಿಟ್ಟು ಬಂದಾಗಷ್ಟೇ. ಆರಿಸಿದಾಕಿ ನಮ್ಮತ್ತಿ."