ನಮ್ಮ ಮಾವನ ಹಾಡಿನ ನಾಟಕ ಸಿನಿಮಾ ಆದದ್ದು

ಗುಬ್ಬಿಯಲ್ಲಿ ಹಿಟ್ಟಿನ ಗಿರಣಿ ಇಟ್ಟಿರುವ ನಮ್ಮ ಸೋದರಮಾವನ ಹತ್ತಿರ ಹೋದವರು ಬರೀ ಹಿಟ್ಟು ತಂದ ಉದಾಹರಣೆಯೇ ಇಲ್ಲ. ಒಂದು ಹಾಡನ್ನಾದರೂ ಕೇಳಿಸಿಕೊಂಡೇ ಬರಬೇಕು. ಗುಂಯ್‌ಗುಡುವ ಗಿರಣಿಯೇ ಅವರ ತಂಬೂರಿ. ಕರೆಂಟು ಹೋದರೆ ಗಿರಣಿ ನಿಲ್ಲುತ್ತದೆ, ಮಾವ ನಿಲ್ಲುತ್ತಾರೆಯೆ?

ಅವರೂ ನಮ್ಮತ್ತೆಯೂ ಸುತ್ತಮುತ್ತಲ ಊರುಗಳಲ್ಲಿ ಒಂದು ನಗೆನಾಟಕ ಆಡುತ್ತಿದ್ದರು. ಮೊದಲಿಂದ ಕೊನೆತನಕ ಹಾಡೇ. ಹೆಂಡತಿಯನ್ನು ಪರೀಕ್ಷಿಸಲು ಗಂಡ ಜೋಯಿಸರ ವೇಷದಲ್ಲಿ ಬರುತ್ತಾನೆ. ಅವಳು ಬಾಗಿಲಲ್ಲೇ ಗುರುತು ಹಿಡಿದು, ಗೊತ್ತಿಲ್ಲದವಳಂತೆ ಅವನ ಕೈಲಿ ನೀರು ಸೇದಿಸಿ, ಸೌದೆ ಒಡೆಸಿ ಸುಸ್ತು ಮಾಡುತ್ತಾಳೆ. ಹೋದ ವರ್ಷ ಮಾವ ಇದ್ದಕ್ಕಿದ್ದಂತೆ ಇದನ್ನು ಸಿನಿಮಾ ಮಾಡುತ್ತೇನೆಂದು ಹೊರಟರು. ಕ್ಯಾಮೆರಾಗೆ ತುಮಕೂರಿನ ಬಟವಾಡಿಯಿಂದ ಮದುವೆ ವಿಡಿಯೊ ತೆಗೆಯುವವನೊಬ್ಬನನ್ನು ಕರೆತಂದರು. ನಾಟಕ ನೋಡುವ ಜನವಾಗಿ ಕೂರಲು ನಾವು ನೆಂಟರೆಲ್ಲ ಹೋದೆವು.

ಶೂಟಿಂಗು ಅವರದೇ ತೆಂಗಿನ ತೋಟದಲ್ಲಿ. ತೋಟವೇ ಎದುರಿಗಿದ್ದರೂ, ತೋಟದ ಚಿತ್ರ ಬರೆದಿದ್ದ ಹಳೇ ಪರದೆಯನ್ನು ಎರಡು ಮರಗಳ ನಡುವೆ ಕಟ್ಟಿಸಿದರು. ಯಾಕೆಂದರೆ, ನಿಜವಾದ ಗರಿಗಳು ಅಲ್ಲಾಡುತ್ತವಂತೆ, ಜನ ನಟರನ್ನು ಬಿಟ್ಟು ಗರಿ ನೋಡುತ್ತಾರಂತೆ! ಬಿದರೆಹಳ್ಳ ಕಾವಲ್‌ನ ಹೆಲಿಕಾಪ್ಟರ್ ಕಾರ್ಖಾನೆ ಕಡೆಯಿಂದ ಒಂದು ಹೆಲಿಕಾಪ್ಟರ್ ಬಂದಾಗ ಕ್ಯಾಮೆರಾದವನು ನಿಲ್ಲಿಸಿ ಎಂದ. ಮಾವ ನಿಲ್ಲಿಸಲಿಲ್ಲ, ಅದು ಸೋತು ಹೋಗುವ ತನಕ ದನಿ ಏರಿಸಿದರು. ಹಾಡು ಮುಗಿಸಿ, ಕೈಮುಗಿದು, ಮತ್ತೆ ಮೊದಲಿಂದ ಶುರುಮಾಡಿದರು. ಚೆನ್ನಾಗಿ ಬಂದಿದೆ ಸಾರ್, ಒಂದು ಸಲ ಸಾಕು ಅಂದ ಅವನು.

"ಒನ್ಸ್ ಮೋರ್ ಇಲ್ದೆ ಈ ಹಾಡು ಮುಗ್ದಿದ್ದೇ ಇಲ್ಲ ಕಣಯ್ಯ. ಸಿನಿಮಾದಲ್ಲೂ ಎರಡು ಸಲ ಇರ್ಲಿ."

ನಾವು ಹೊಟ್ಟೆ ಹಿಡಿದುಕೊಂಡು ನಕ್ಕೆವು. ಆಮೇಲೆ ಅತ್ತೆಯ ಹಾಡು ಬಂತು. ಹಾಡು ಎತ್ತಿಕೊಂಡಾಗಲೇ ದನಿ ಒಡೆಯಿತು. ಇನ್ನೊಮ್ಮೆ ಹಾಡಿದರು, ಮತ್ತೆ ಒಡೆಯಿತು. ಕ್ಯಾಮೆರಾದವನು, ತುಮಕೂರಲ್ಲಿ ಒಳ್ಳೇ ಹಾಡುವ ಹುಡುಗಿ ಇದ್ದಾಳೆ, ಅವಳ ದನಿ ಹಾಕೋಣ, ಅಮ್ಮ ಬಾಯಾಡಿಸಿದರೆ ಸಾಕು ಎಂದ. ಮಾವ ಅವನನ್ನು ಪರದೆಯ ಹಿಂದಕ್ಕೆ ಕರೆದರು. ನಾನು ಅಲ್ಲೇ ಕಾಫಿ ಬಗ್ಗಿಸುತ್ತಿದ್ದೆ.

"ಇವಳ ಗಂಟ್ಲಲ್ಲಿ ಗಡ್ಡೆ ಐತಪ್ಪ. ಮುಂದಿನ ವಾರ ಆಪರೇಷನ್ನು. ಆಮೇಲೆ ದನಿ ಬರಲ್ಲ ಅಂದವ್ರೆ. ಒಡೆದಿದ್ರೂ ಸರಿ, ನಂಗೆ ಇದೇ ಬೇಕು."

ಅಲ್ಲಿಯತನಕ ನಮಗ್ಯಾರಿಗೂ ಅದು ಗೊತ್ತಿರಲಿಲ್ಲ. ನನ್ನ ಮುಖ ನೋಡಿ ಉಳಿದವರು ಕೇಳಿದರು, ವಿಷಯ ಒಬ್ಬರಿಂದೊಬ್ಬರಿಗೆ ಹೋಯಿತು. ಅತ್ತೆ ಮತ್ತೆ ಹಾಡಿದಾಗ ಒಬ್ಬರೂ ನಗಲಿಲ್ಲ. ಅವರೇ ಹಾಡು ನಿಲ್ಲಿಸಿ ನಮ್ಮನ್ನು ಗದರಿಕೊಂಡರು. "ಇದೇನು ಸಾವಿನ ಮನೇನಾ? ನಗೋ ಕಡೆ ನಗ್ರೋ." ನಕ್ಕೆವು. ಅಷ್ಟು ಕಷ್ಟಪಟ್ಟು ನಾನು ಯಾವತ್ತೂ ನಕ್ಕಿಲ್ಲ.

ಆಪರೇಷನ್ ಆಯಿತು. ಜೀವ ಉಳಿಯಿತು, ದನಿ ಹೋಯಿತು. ಸುಧಾರಿಸಿಕೊಳ್ಳಲು ಅತ್ತೆ ಸದಾಶಿವನಗರದ ನಮ್ಮ ಮನೆಯಲ್ಲೇ ಇದ್ದರು. ಸಿನಿಮಾ ತಯಾರಾದ ದಿನ ಮಾವ ಪೆನ್‌ಡ್ರೈವ್ ತಂದು ಟಿವಿಗೆ ಹಾಕಿದರು, ಮಗುವಿನ ಹಾಗೆ ಅತ್ತೆಯ ಮುಖವನ್ನೇ ನೋಡುತ್ತ ಕೂತರು. ಟಿವಿಯಲ್ಲಿ ತಮ್ಮ ದನಿ ಬಂದದ್ದೇ ಅತ್ತೆ ಕತ್ತಿನ ಬಟ್ಟೆಯ ಮೇಲೆ ಕೈಯಿಟ್ಟುಕೊಂಡರು. ಆಮೇಲೆ ಎದ್ದು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಇಷ್ಟು ಪಾಡುಪಟ್ಟು ಉಳಿಸಿದ ದನಿ ಅವರಿಗೇ ಕೇಳಲಾಗಲಿಲ್ಲ. ಮಾವ ಟಿವಿ ಆರಿಸಿದರು. ಆ ಸಿನಿಮಾವನ್ನು ಮತ್ತೆ ಯಾರಿಗೂ ತೋರಿಸಲಿಲ್ಲ.

ಮೊನ್ನೆ ಗುಬ್ಬಿಗೆ ಹೋಗಿದ್ದೆ. ನಡುಮನೆಯಲ್ಲಿ ಮಾವ ಹಾರ್ಮೋನಿಯಂ ಮುಂದೆ ಕೂತು ಅತ್ತೆಯ ಹಾಡು ನುಡಿಸುತ್ತಿದ್ದರು. ಅತ್ತೆ ಎದುರಿಗೆ ಅವರೆಕಾಯಿ ಸುಲಿಯುತ್ತಿದ್ದರು. ಅವರ ತುಟಿ ಆಡುತ್ತಿತ್ತು, ದನಿಯಿಲ್ಲ. ಹಾಡು ಮೇಲಕ್ಕೇರಿದ ಕಡೆ ತುಟಿ ನಿಂತಿತು. ಮಾವನ ಕೈಯೂ ನಿಂತಿತು.

"ಮೇಲಾಯ್ತೇನೇ? ಶ್ರುತಿ ಇಳಿಸ್ಲಾ?"

ಅತ್ತೆ ಹೂಂ ಎನ್ನುವಂತೆ ತಲೆಯಾಡಿಸಿದರು. ಮಾವ ಶ್ರುತಿ ಇಳಿಸಿಕೊಂಡು ಮೊದಲಿಂದ ನುಡಿಸಿದರು.