ಔರಾದದ ಎ, ಭಾಲ್ಕಿಯ ಬಿ

ಕೆಲವರು ಹಳೆಯ ಸ್ಕೂಟರಿಗೆ ಅಂಟಿಕೊಂಡಿರುತ್ತಾರೆ, ಕೆಲವರು ಹಳೆಯ ಜಗಳಕ್ಕೆ. ನಾನು ಅಂಟಿಕೊಂಡಿರುವುದು ೮೦೮೫ ಎಂಬ ಮುದಿ ಮೈಕ್ರೊಪ್ರೊಸೆಸರಿಗೆ. ಔರಾದದ ಡಿಪ್ಲೊಮಾ ಕಾಲೇಜಿನಲ್ಲಿ ಅದನ್ನೇ ಕಲಿಸುತ್ತ ಬಂದಿದ್ದೇನೆ. ಇದು ಈಗ ಎಲ್ಲಿ ನಡೆಯುತ್ತದೆ ಎಂದು ಹುಡುಗರು ಕೇಳಿದಾಗಲೆಲ್ಲ ಕೆಮ್ಮಿ ಮುಂದಿನ ಪಾಠಕ್ಕೆ ಹೋಗುತ್ತಿದ್ದೆ. ಕೊನೆಗೆ ನನ್ನ ಮನೆಯಲ್ಲಾದರೂ ನಡೆಯಲಿ ಎಂಬ ಹಟದಿಂದ ಅದನ್ನು ಕೂಡಿಸಿದ, ಗುಂಡಿಗಳಿರುವ ಒಂದು ಹಳೆಯ ಕಿಟ್ ಕೊಂಡು ತಂದು, ಮೈಲೂರಿನ ನಮ್ಮ ಮನೆಯ ನೀರಿನ ಟಾಕಿ ತುಂಬಿದ ಕೂಡಲೇ ಮೋಟಾರು ನಿಲ್ಲಿಸುವ ಕೆಲಸಕ್ಕೆ ಹಚ್ಚಿದೆ.

ಇದರ ಅಸೆಂಬ್ಲಿ ಭಾಷೆಯ ಪ್ರೋಗ್ರಾಮನ್ನು ಮೊದಲು ಕಾಗದದ ಮೇಲೆ ಬರೆಯಬೇಕು. ಆಮೇಲೆ ಒಂದೊಂದು ಆಜ್ಞೆಯನ್ನೂ ಅಂಕಿ-ಅಕ್ಷರಗಳ ಜೋಡಿಯಾಗಿಸಿ ಗುಂಡಿ ಒತ್ತಬೇಕು. ಅಕ್ಷರಗಳು ಎ ಇಂದ ಎಫ್‌ವರೆಗೆ ಮಾತ್ರ. ಕಷ್ಟ ಅದಲ್ಲ. ಕರೆಂಟು ಹೋಗಿ ಬಂದರೆ ಮೋಟಾರು ತನ್ನ ಕೆಲಸ ಮರೆಯುತ್ತಿರಲಿಲ್ಲ, ಕಿಟ್ಟು ಎಲ್ಲವನ್ನೂ ಮರೆಯುತ್ತಿತ್ತು. ಆಗ ನನ್ನ ಹೆಂಡತಿ ಸುಲೋಚನಾ ಫೋನು ಮಾಡುತ್ತಿದ್ದಳು, ನಾನು ಇದ್ದಲ್ಲಿಂದಲೇ ಪ್ರೋಗ್ರಾಮು ಹೇಳುತ್ತಿದ್ದೆ. ಫೋನಿನಲ್ಲಿ ಬಿ, ಸಿ, ಡಿ, ಇ ಎಲ್ಲ ಅಣ್ಣತಮ್ಮಂದಿರಂತೆ ಕೇಳಿಸುವುದರಿಂದ ಊರುಗಳ ಹೆಸರು ಹಿಡಿದೆವು: ಔರಾದದ ಎ, ಭಾಲ್ಕಿಯ ಬಿ, ಚಿಟಗುಪ್ಪದ ಸಿ, ದಾಬಕಾದ ಡಿ, ಏಕಂಬಾದ ಇ. ಎಫ್‌ಗೆ ಊರು ಹೊಳೆಯಲಿಲ್ಲ. ಎಫ್ ಬಾರದಂತೆ ಪ್ರೋಗ್ರಾಮನ್ನೇ ತಿದ್ದಿ ಬರೆದೆ.

ಒಂದು ಬೆಳಿಗ್ಗೆ ಔರಾದದ ಬಸ್ಸಿನಲ್ಲಿದ್ದಾಗ ಫೋನು ಬಂತು. "ಮತ್ತ ಮರತದರಿ ಇದು," ಎಂದಳು. ಬಸ್ಸಿನ ಗದ್ದಲಕ್ಕೆ ನಾನು ದನಿ ಏರಿಸಿ ಶುರುಮಾಡಿದೆ: ದಾಬಕಾ, ಭಾಲ್ಕಿ, ಸೊನ್ನೆ ಸೊನ್ನೆ, ಏಕಂಬಾ, ಆರು, ಚಿಟಗುಪ್ಪ, ಔರಾದ. ಪಕ್ಕದಲ್ಲಿ ಕುಳಿತಿದ್ದ ಮುದುಕಿ ನನ್ನ ಮುಖವನ್ನೇ ನೋಡುತ್ತಿದ್ದವಳು, ಮುಂದೆ ಬಸ್ಸು ನಿಂತದ್ದೇ ಗಂಟು ಎತ್ತಿಕೊಂಡು ಇಳಿದುಬಿಟ್ಟಳು. ಕಿಟಕಿಯಿಂದ ನೋಡಿದರೆ ಸುತ್ತ ತೊಗರಿ ಹೊಲ ಬಿಟ್ಟು ಏನೂ ಇಲ್ಲ. ಸಂಶಯ ಬಂದು ಫೋನು ಬಂದ್ ಮಾಡಿ ನಾನೂ ಇಳಿದೆ. ಬಸ್ಸು ಹೋಯಿತು.

"ಆಯಿ, ಇಲ್ಲಿ ಯಾಕ ಇಳದ್ರಿ?"

"ನೀನೇ ಒದರಲತ್ತಿದ್ದೆಲ್ಲಪಾ, ಚಿಟಗುಪ್ಪ, ದಾಬಕಾ ಅಂತ. ನಾ ಸಂತಪುರಕ್ಕ ಹೋಗಬೇಕು. ಮೊಮ್ಮಗಳ ಕೂಸಿನ ತೊಟ್ಟಿಲ ಕಾರ್ಯ ಅದ."

ನಾವು ಇಳಿದ ಔರಾದದ ಬಸ್ಸು ಸಂತಪುರದ ಮೇಲೆಯೇ ಹೋಗುವುದಾಗಿತ್ತು. ಬಹಳ ಹೊತ್ತಿನ ಮೇಲೆ ಸಿಕ್ಕ ಟಂಟಂ ಆಟೋದಲ್ಲಿ ಕೂಡಿಸಿಕೊಂಡು ಹೋಗಿ ಮನೆ ಮುಟ್ಟಿಸಿದೆ. ತೊಟ್ಟಿಲು ಅವಳಿಗಾಗಿ ಕಾದಿತ್ತು. ದಾರಿ ತಪ್ಪಿದವಳನ್ನು ಕರೆತಂದ ಪುಣ್ಯಾತ್ಮನೆಂದು ನನ್ನನ್ನು ಎಲ್ಲರಿಗಿಂತ ಮುಂದೆ ಕೂಡಿಸಿ ಹೋಳಿಗೆ ಬಡಿಸಿದರು. ದಾರಿ ತಪ್ಪಿಸಿದವನು ಯಾರೆಂದು ಆಯಿ ಹೇಳಲಿಲ್ಲ, ನಾನೂ ಹೇಳಲಿಲ್ಲ. ಆಗ ಮತ್ತೆ ಫೋನು ಬಂತು.

"ಅರ್ಧಕ್ಕ ಬಿಟ್ಟು ಎಲ್ಲಿ ಹೋದ್ರಿ?"

"ತೊಟ್ಟಿಲಿಗಿ ಬಂದೀನಿ."

"ಯಾರ ತೊಟ್ಟಿಲರಿ?"

ಅದು ನನಗೂ ಗೊತ್ತಿರಲಿಲ್ಲ.

ಸಂಜೆ ಮನೆಗೆ ಬಂದಾಗ ಕಿಟ್ಟು ಅಲಮಾರಿಯ ಮೇಲೆ ಮಲಗಿತ್ತು. ಟಾಕಿ ತುಂಬಿ ಹರಿದದ್ದನ್ನು ಕಂಡು ಬಾಜೂ ಮನೆಯ ಖಾಲಾ ಕೂಗಿದರಂತೆ, ಸುಲೋಚನಾ ಸ್ವಿಚ್ ಬಂದ್ ಮಾಡಿದಳಂತೆ. "ಇನ್ನ ಖಾಲಾನೇ ಸಾಕ್ರಿ. ಕರೆಂಟ್ ಹೋದ್ರೂ ಆಕಿ ಏನೂ ಮರೆಯಂಗಿಲ್ಲ," ಎಂದಳು.

ಖಾಲಾ ತಮ್ಮ ಮಗಳ ಮನೆಗೆ ಹೋದ ದಿನಗಳಲ್ಲಿ ಮಾತ್ರ ಟಾಕಿ ಕಾಯುವ ಕೆಲಸ ನನ್ನ ಪಾಲಿಗೆ ಬಂತು. ಮೊನ್ನೆ ಮಾಳಿಗೆಯ ಮೇಲೆ ಟಾಕಿಗೆ ಬೆನ್ನು ಆನಿಸಿ ಕುಳಿತು ಮರುದಿನದ ಪಾಠ ಓದುತ್ತಿದ್ದೆ. ಟಾಕಿ ತುಂಬಿದ್ದು ನನಗೆ ತಿಳಿಯಿತು, ಪುಸ್ತಕ ಪೂರ್ತಿ ತೊಯ್ದ ಮೇಲೆ.